ರೇಣುಕಾದೇವಿಯವರ ಇಡೀ ಸೇಬು

ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋದ ಅಳಿಯಂದಿರು ಜರಿಪಂಚೆ, ಕೈಗಡಿಯಾರ, ಬೆಳ್ಳಿ ಲೋಟ ಗಿಟ್ಟಿಸಿಕೊಂಡು ಬರುತ್ತಾರೆ. ದತ್ತಾತ್ರೇಯ ಗಿಟ್ಟಿಸಿಕೊಂಡದ್ದು ಟೈಫಾಯಿಡ್ಡು. ನರಕಚತುರ್ದಶಿಯ ಎಣ್ಣೆಸ್ನಾನ ಮುಗಿಸಿ "ಯಾಕೋ ಚಳಿ" ಎಂದು ಮಲಗಿದವನು ತುಳಸಿಹಬ್ಬದವರೆಗೂ ಏಳಲಿಲ್ಲ. ಮೈಸೂರಿನ ಆ ಮನೆಗೆ ಹೊಸ ಅಳಿಯನನ್ನು ನೋಡಲು ಬಂದವರೆಲ್ಲ ಸೇಬು ತಂದರು. ಆ ಕಾಲಕ್ಕೆ ಅಲ್ಲಿ ಸೇಬು ಎಂದರೆ ಬರೀ ಹಣ್ಣಲ್ಲ. ಔಷಧಿಗೂ ನೈವೇದ್ಯಕ್ಕೂ ನಡುವಿನ ಒಂದು ಪದಾರ್ಥ. ಕಾಯಿಲೆಯವರ ತಲೆದಿಂಬಿನ ಪಕ್ಕದಲ್ಲಲ್ಲದೆ ಬೇರೆಲ್ಲೂ ಅದಕ್ಕೆ ಜಾಗವಿರಲಿಲ್ಲ. ಗಟ್ಟಿಮುಟ್ಟಾಗಿರುವವನು ಸೇಬು ತಿಂದರೆ ಜನ ಅವನ ನಡತೆಯನ್ನೇ ಅನುಮಾನಿಸುತ್ತಿದ್ದರು.

ಅತ್ತೆ ರೇಣುಕಾದೇವಿಯವರು ದಿನಕ್ಕೊಂದು ಸೇಬನ್ನು ಈಳಿಗೆಮಣೆಯ ಮುಂದೆ ಕೂತು ಎಂಟು ಹೋಳು ಮಾಡುತ್ತಿದ್ದರು. ಅಳಿಯನಿಗೆ ಎರಡು, ಉಳಿದದ್ದು ಮನೆಮಂದಿಗೆಲ್ಲ ಒಂದೊಂದು. ಬೀಜದ ಸುತ್ತ ಅಂಟಿಕೊಂಡ ಚೂರನ್ನು ತಾವು ಹಲ್ಲಿನಲ್ಲಿ ಕೆರೆದುಕೊಂಡು ತಿನ್ನುತ್ತಿದ್ದರು. ಹಾಸಿಗೆಯಿಂದ ಇದನ್ನು ದಿನವೂ ನೋಡುತ್ತಿದ್ದ ದತ್ತಾತ್ರೇಯನಿಗೆ ಒಂದು ಮಧ್ಯಾಹ್ನ ಜ್ವರ ನೂರಮೂರಕ್ಕೆ ಏರಿ, ಅದರ ಜೊತೆಗೆ ಅತ್ತೆಯ ಮೇಲಿನ ಕನಿಕರವೂ ಏರಿತು.

"ಅತ್ತೆ, ನೋಡ್ತಾ ಇರಿ. ಒಂದು ದಿನ ನಿಮ್ಗೆ ಇಡೀ ಸೇಬು ತಿನ್ನಿಸ್ತೀನಿ. ಮರದಿಂದ ಕಿತ್ತಿದ್ದು. ಪೂರ್ತಿ ನಿಮ್ಗೇ. ಯಾರಿಗೂ ಹಂಚೋ ಹಾಗಿಲ್ಲ."

"ಆಗ್ಲಿ ಅಳಿಯಂದ್ರೇ, ಈಗ ಮಾತ್ರೆ ನುಂಗಿ," ಎಂದರು ರೇಣುಕಾದೇವಿಯವರು.

ಜ್ವರದಲ್ಲಿ ಆಡಿದ ಮಾತು ಜ್ವರದ ಜೊತೆಗೇ ಇಳಿದುಹೋಗುವುದು ಲೋಕರೂಢಿ. ದತ್ತಾತ್ರೇಯನದು ಇಳಿಯಲಿಲ್ಲ. ಹೆಂಡತಿಯ ಹುಟ್ಟುಹಬ್ಬ, ಕಾರಿನ ಎಣ್ಣೆ, ಮಕ್ಕಳ ಶಾಲೆಯ ಮೀಟಿಂಗು ಎಲ್ಲವನ್ನೂ ಮರೆಯುತ್ತಿದ್ದ ಈ ಮನುಷ್ಯ ಇದೊಂದನ್ನು ಹದಿನಾಲ್ಕು ವರ್ಷ ನೆನಪಿಟ್ಟುಕೊಂಡಿದ್ದ.

ಈಗ ಅವನು ಅಟ್ಲಾಂಟಾದ ಉತ್ತರಕ್ಕಿರುವ ಅಲ್ಫರೆಟಾದಲ್ಲಿದ್ದ. ಒಂದು ವಿಮಾ ಕಂಪನಿಯ ಕಂಪ್ಯೂಟರುಗಳಿಗೆ ಎರಡು ಸಾವಿರನೇ ಇಸವಿ ಬರುವುದರೊಳಗೆ ನಾಲ್ಕು ಅಂಕಿಯ ವರ್ಷ ಕಲಿಸಿಕೊಡುವುದು ಅವನ ಕೆಲಸ. ಆ ವರ್ಷ, ಅಂದರೆ ತೊಂಬತ್ತೆಂಟರ ಮೇ ತಿಂಗಳಲ್ಲಿ, ಅತ್ತೆ ಮೊದಲ ಸಲ ಬಂದರು. ಬಂದ ದಿನವೇ ಅಂಗಡಿಯಿಂದ ಒಂದು ಸೇಬು ತಂದು ಕೈಗಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಾತಿನಲ್ಲಿ "ಮರದಿಂದ ಕಿತ್ತಿದ್ದು" ಎಂದಿತ್ತಲ್ಲ! ದತ್ತಾತ್ರೇಯ ಏಪ್ರಿಲ್ಲಿನಲ್ಲೇ ಎಲಿಜೇ ಎಂಬ ಗುಡ್ಡದೂರಿಗೆ ಹೋಗಿ, ಅಲ್ಲಿನ ಒಂದು ತೋಟದಲ್ಲಿ ಇಡೀ ಸೇಬಿನ ಮರವನ್ನೇ ಒಂದು ವರ್ಷಕ್ಕೆ ಗುತ್ತಿಗೆ ಹಿಡಿದು ಬಂದಿದ್ದ. ಆ ವರ್ಷ ಮರ ಬಿಟ್ಟದ್ದೆಲ್ಲ ಗುತ್ತಿಗೆ ಹಿಡಿದವರದು. ಮರಕ್ಕೆ ಒಂದು ತಗಡಿನ ಬಿಲ್ಲೆ ತೂಗಿಹಾಕಿ ಅದರ ಮೇಲೆ 'ರೇಣುಕಾದೇವಿ' ಎಂದು ಇಂಗ್ಲಿಷಿನಲ್ಲಿ ಬರೆಸಿದ್ದ.

"ಎಷ್ಟು ಬಿಡತ್ತಂತೆ?" ಎಂದು ಹೆಂಡತಿ ರತ್ನಾ ಕೇಳಿದ್ದಳು.

"ಸಣ್ಣ ಮರ ಕಣೇ. ಒಂದು ಹತ್ತು ಹನ್ನೆರಡು ಬಿಟ್ರೆ ಹೆಚ್ಚು."

ಎರಡು ಅಂಕಿ ಬಿಟ್ಟುಹೋದರೆ ಲೋಕವೇ ಮುಳುಗುತ್ತದೆ ಎಂದು ಹಗಲೆಲ್ಲ ಆಫೀಸಿನಲ್ಲಿ ಸಾರುತ್ತಿದ್ದವನು ಸೇಬಿನ ಅಂದಾಜಿನಲ್ಲಿ ಸರಿಯಾಗಿ ಎರಡು ಅಂಕಿ ಬಿಟ್ಟಿದ್ದ.

ಅಕ್ಟೋಬರಿನ ಮೊದಲ ಶನಿವಾರ ಮನೆಮಂದಿಯೆಲ್ಲ ವ್ಯಾನಿನಲ್ಲಿ ಹೋಗಿ ನೋಡಿದರೆ, ಕೊಂಬೆಗಳು ನೆಲ ಮುಟ್ಟಿ ಊರುಗೋಲು ಹಿಡಿದು ನಿಂತಿದ್ದವು. ತೋಟದ ಮುದುಕ ಒಬ್ಬರೇ ಎತ್ತಲಾಗದಂಥ ಮರದ ಬುಟ್ಟಿಗಳನ್ನು ಒಂದರ ಹಿಂದೊಂದು ತಂದಿಟ್ಟು, "ನಿಮ್ಮ ಅತ್ತೆಯವರ ಮರ ಈ ವರ್ಷ ತೋಟಕ್ಕೇ ಕೀರ್ತಿ ತಂದಿದೆ" ಎಂದ.

ದತ್ತಾತ್ರೇಯ ಅತ್ಯಂತ ಕೆಂಪಗಿದ್ದ ಹಣ್ಣೊಂದನ್ನು ಹುಡುಕಿ ಕಿತ್ತು, ಅಂಗಿಗೆ ಉಜ್ಜಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಹದಿನಾಲ್ಕು ವರ್ಷದ ಕನಸು. ಮಗಳು ಇಶಾ ಕ್ಯಾಮೆರಾ ಹಿಡಿದು ನಿಂತಿದ್ದಳು.

"ತಿನ್ನಿ ಅತ್ತೆ. ಇಡೀ ಹಣ್ಣು. ನೆನಪಿದೆಯಾ?"

ರೇಣುಕಾದೇವಿಯವರಿಗೆ ನೆನಪಿತ್ತು. ಕಣ್ಣು ಒದ್ದೆಯಾಯಿತು. ಹಣ್ಣನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಸೆರಗಿನಲ್ಲಿ ಗಂಟು ಹಾಕಿಕೊಂಡರು.

"ತಿನ್ನಿ ಅಜ್ಜಿ! ಫೋಟೋ!" ಎಂದಳು ಇಶಾ.

"ತಿಂತೀನಿ ಪುಟ್ಟಾ. ಮರದ ತುಂಬ ಇದೆಯಲ್ಲ, ಇದಕ್ಕೆಲ್ಲ ಒಂದು ದಾರಿ ಆಗ್ಲಿ. ಎಲ್ಲಾ ಮುಗಿದ ಮೇಲೆ ನಾನು ತಿಂತೀನಿ."

"ಅತ್ತೆ, ಬೇಕಾದಷ್ಟು ಕಿತ್ಕೊಂಡು ಮಿಕ್ಕಿದ್ದು ಬಿಟ್ಟು ಹೋಗೋಣ."

"ಬಿಟ್ಟು ಹೋಗೋದಾ? ನನ್ನ ಹೆಸರು ಕಟ್ಟಿರೋ ಮರ ಅಳಿಯಂದ್ರೇ! ಹಣ್ಣು ಕೊಳೆತು ಬಿದ್ರೆ ಯಾರಿಗೆ ಕೆಟ್ಟ ಹೆಸರು?"

ಐವತ್ತು ವರ್ಷ ಎಲ್ಲರ ಊಟ ಮುಗಿದ ಮೇಲೆ ತಟ್ಟೆ ಹಾಕಿಕೊಂಡ ಹೆಂಗಸಿಗೆ ಇದಕ್ಕಿಂತ ಬೇರೆ ಕ್ರಮ ಗೊತ್ತಿರಲಿಲ್ಲ. ಹನ್ನೊಂದು ಬುಟ್ಟಿ ತುಂಬಿದವು. ವ್ಯಾನು ಹಿಂದಕ್ಕೆ ಕುಂತು ಮೂತಿ ಮೇಲಕ್ಕೆತ್ತಿಕೊಂಡು, ಆಕಾಶ ನೋಡುತ್ತ ಅಲ್ಫರೆಟಾಕ್ಕೆ ಬಂತು. ಆ ಒಂದು ಕೆಂಪು ಸೇಬು ದೇವರ ಗೂಡಿನಲ್ಲಿ, ಕುಂಕುಮ ಹಚ್ಚಿಸಿಕೊಂಡು, ಗಣಪತಿಯ ಪಕ್ಕದಲ್ಲಿ ಕೂತಿತು. ಅತ್ತೆಯ ವಿಮಾನಕ್ಕೆ ಎರಡು ವಾರ ಉಳಿದಿತ್ತು.

ಮನೆಯಲ್ಲಿ ಸಮರ ಸಾರಿದ ಹಾಗಾಯಿತು. ಮೊದಲ ದಿನ ತೊಕ್ಕು. ರೇಣುಕಾದೇವಿಯವರು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದಿದ್ದ ಈಳಿಗೆಮಣೆ ಹಾಲಿನ ಕಾರ್ಪೆಟ್ಟಿನ ಮಧ್ಯೆ ಸ್ಥಾಪನೆಯಾಯಿತು. ಬಾಂಡ್ಲಿಯಲ್ಲಿ ಸಾಸಿವೆ, ಇಂಗು, ಮೆಣಸಿನಪುಡಿಯ ಒಗ್ಗರಣೆ ಬಿದ್ದ ಕ್ಷಣಕ್ಕೆ ಹೊಗೆಯ ಅಲಾರಮ್ಮು ಹೊಡೆದುಕೊಂಡಿತು. ಮಗ ನಿಖಿಲ್ ಮೆಟ್ಟಿಲ ಮೇಲೆ ನಿಂತು ಟವೆಲ್ ಬೀಸುತ್ತಿದ್ದ. ಅದೇ ಅವನ ಖಾಯಂ ಹುದ್ದೆಯಾಯಿತು. ಎರಡನೇ ದಿನ ಗೊಜ್ಜು, ಮೂರನೇ ದಿನ ಮುರಬ್ಬ. ಹುಳಿ ಹಣ್ಣಿಗೆ ಉಪ್ಪು ಸವರಿ, ರತ್ನಾಳ ಹಳೇ ಸೀರೆ ಹಾಸಿ, ಮನೆಯ ಹಿಂದಿನ ಮರದ ಜಗಲಿಯ, ಅಂದರೆ ಡೆಕ್ಕಿನ, ಮೇಲೆ ಸಂಡಿಗೆಯ ಹಾಗೆ ಒಣಗಲು ಹರವಿದರು. ಅಳಿಲುಗಳು ಸುದ್ದಿ ಕೇಳಿ ನೆಂಟರನ್ನು ಕರೆತಂದವು.

ದತ್ತಾತ್ರೇಯ ಆಫೀಸಿಗೆ ರಜೆ ಹಾಕಿದ. ಬುಟ್ಟಿಗಳನ್ನು ಗರಾಜಿನಿಂದ ಅಡುಗೆಮನೆಗೆ ಎತ್ತೆತ್ತಿ ಸೊಂಟ ಹಿಡಿದುಕೊಂಡು, ಮಂಗಳವಾರ ಮಧ್ಯಾಹ್ನ ಸೋಫಾದ ಮೇಲೆ ಬಿದ್ದುಕೊಂಡ. ಮೆಣಸಿನ ಘಾಟಿಗೆ ಕಣ್ಣು ಕೆಂಪಗೆ, ತಲೆಗೆ ಒದ್ದೆ ಟವೆಲ್ಲು. ಅದೇ ಗಳಿಗೆಗೆ ಬಾಗಿಲ ಗಂಟೆ ಹೊಡೆದವರು ಶೇಷಾದ್ರಿ.

ಶೇಷಾದ್ರಿಯವರು ಕನ್ನಡ ಕೂಟದ ಅಧ್ಯಕ್ಷರು. ರಾಜ್ಯೋತ್ಸವದ ನಾಟಕದಲ್ಲಿ ದತ್ತಾತ್ರೇಯನಿಗೆ ದ್ವಾರಪಾಲಕನ ಪಾತ್ರ ಕೊಟ್ಟಿದ್ದರು. ಅದರ ಈಟಿ ಕೊಟ್ಟುಹೋಗಲು ಬಂದಿದ್ದರು. ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಬಾಗಿಲ ಪಕ್ಕ ಸೇಬು. ಮೆಟ್ಟಿಲು ಮೆಟ್ಟಿಲಿಗೂ ಸೇಬು. ಟೀವಿಯ ಮೇಲೆ ಸೇಬು. ನಡುವೆ ಮಲಗಿದ ಮನುಷ್ಯ.

ಅಪ್ಪಟ ಮೈಸೂರಿನವರಾದ ಶೇಷಾದ್ರಿಯವರ ಬುದ್ಧಿ ಚುರುಕಾಗಿ ಓಡಿತು. ಸೇಬಿದೆ ಎಂದರೆ ಜನ ನೋಡಲು ಬಂದಿದ್ದಾರೆ. ಇಷ್ಟು ಸೇಬಿದೆ ಎಂದರೆ ಬಹಳ ಜನ ಬಂದಿದ್ದಾರೆ. ಇಷ್ಟು ಜನ ಬಂದಿದ್ದಾರೆಂದರೆ ಕಾಯಿಲೆ ಸಣ್ಣದಲ್ಲ. ಕೂಟದ ಅಧ್ಯಕ್ಷರಿಗೇ ಎಲ್ಲರಿಗಿಂತ ಕೊನೆಗೆ ಗೊತ್ತಾಗಿದೆ!

"ಯಾವತ್ತಿಂದ ದತ್ತು?" ಎಂದರು, ಈಟಿಯನ್ನು ಮೆಲ್ಲಗೆ ಗೋಡೆಗೊರಗಿಸುತ್ತ.

"ನಿನ್ನೆಯಿಂದ ಶೇಷಾದ್ರಿ. ಸೊಂಟ."

"ಬರೀ ಸೊಂಟಕ್ಕೆ ಇಷ್ಟೊಂದು ಸೇಬಾ?"

"ಅಯ್ಯೋ, ಸೇಬು ಮೊದ್ಲು ಬಂದಿದ್ದು ರೀ. ಸೊಂಟ ಆಮೇಲೆ."

ಶೇಷಾದ್ರಿಯವರು ಕರುಣೆಯಿಂದ ತಲೆಯಾಡಿಸಿದರು. ರೋಗಿಗೆ ಹಿಂದುಮುಂದು ತಿಳಿಯುತ್ತಿಲ್ಲ. "ಏನೂ ಯೋಚ್ನೆ ಮಾಡ್ಬೇಡಿ. ದ್ವಾರಪಾಲಕನ ಪಾರ್ಟು ಬೇರೆ ಯಾರಿಗಾದ್ರೂ ಕೊಡ್ತೀವಿ."

"ಯಾಕ್ರೀ? ನಾನು ಚೆನ್ನಾಗೇ ಇದೀನಿ!"

"ಹಾಗೇ ಇರ್ಬೇಕು. ಧೈರ್ಯ ಅಂದ್ರೆ ಅದು," ಎಂದು ಅವನ ಕೈ ಅದುಮಿ, ಕಣ್ಣೊರೆಸಿಕೊಳ್ಳುತ್ತ ಹೊರಟರು. ಮನೆ ಸೇರುವವರೆಗೆ ತಡೆಯಲಾರದೆ ದಾರಿಯ ಗ್ಯಾಸ್ ಸ್ಟೇಷನ್ನಿನ ಪೇಫೋನಿನಿಂದಲೇ ಹೆಂಡತಿ ಶೈಲಜಾಗೆ ವಿಷಯ ಮುಟ್ಟಿಸಿದರು. ಶೈಲಜಾಗೆ ಗೊತ್ತಾದದ್ದು ಕತ್ತಲಾಗುವುದರೊಳಗೆ ಪಕ್ಕದೂರು ಸುವಾನಿಯಿಂದ ದೂರದ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯವರೆಗೂ ಗೊತ್ತಾಯಿತು.

ಮರುದಿನದಿಂದ ಜನ ಬರತೊಡಗಿದರು. ಎಲ್ಲರ ಕೈಯಲ್ಲೂ, ಸಂಪ್ರದಾಯ ಬಿಡದೆ, ಒಂದೊಂದು ಚೀಲ ಸೇಬು.

ಮೊದಲು ಬಂದವನು ಆಫೀಸಿನ ಪ್ರಶಾಂತ್, ಬೆಂಗಳೂರಿನಿಂದ ವೀಸಾ ಮೇಲೆ ಬಂದು ವರ್ಷವಾಗದ ಹುಡುಗ. "ರೆಸ್ಟ್ ಮಾಡಿ ಸಾರ್. ನಿಮ್ಮ ಮಾಡ್ಯೂಲ್ ನಾನು ಹ್ಯಾಂಡಲ್ ಮಾಡ್ತೀನಿ. ಆದ್ರೆ ಪಾಸ್‌ವರ್ಡ್ ಇವತ್ತೇ ಹೇಳ್ಬಿಟ್ರೆ... ನಾಳೆ ಅಂತ ಬೇಡ."

"ನಾಳೆ ನಾನೆಲ್ಲಿ ಹೋಗ್ತೀನಯ್ಯಾ?"

ಪ್ರಶಾಂತ್ ಕಿಟಕಿಯ ಕಡೆ ನೋಡುತ್ತ ಪೆನ್ನು ತೆಗೆದ.

ಆಮೇಲೆ ಡಾಕ್ಟರ್ ಸತ್ಯನಾರಾಯಣ ಬಂದರು. ಅರವತ್ತರ ದಶಕದಲ್ಲೇ ಬಂದು ನೆಲೆಸಿದವರು, ಎಲ್ಲರಿಗೂ ಅಂಕಲ್ಲು. ಒಂದು ಕೈಯಲ್ಲಿ ಸ್ಟೆತಾಸ್ಕೋಪು, ಇನ್ನೊಂದರಲ್ಲಿ ಸೇಬಿನ ಚೀಲ. ತಟ್ಟಿ, ಬಡಿದು, ನಾಲಿಗೆ ಚಾಚಿಸಿ ನೋಡಿದರು. "ಏನೂ ಇಲ್ವಲ್ಲಯ್ಯಾ! ಸ್ವಲ್ಪ ಬೀಪಿ ಜಾಸ್ತಿ ಅಷ್ಟೆ."

"ಆ ಚೀಲ ವಾಪಸ್ ತಗೊಂಡು ಹೋದ್ರೆ ಇಳಿಯತ್ತೆ ಅಂಕಲ್," ಎಂದಳು ರತ್ನಾ.

ಡಾಕ್ಟರು ಹೊರಗೆ ಬಂದಾಗ ಕಾಂಪೌಂಡಿನಲ್ಲಿ ಕಾದಿದ್ದವರೆಲ್ಲ ಮುತ್ತಿಕೊಂಡರು. "ಏನೂ ಇಲ್ಲ" ಎಂದರು ಅವರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮೆರಿಕದಲ್ಲಿ ರೋಗಿಯ ಗುಟ್ಟನ್ನು ಡಾಕ್ಟರು ಹೊರಗೆಡಹುವಂತಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. "ಡಾಕ್ಟ್ರೇ ಬಾಯಿ ಬಿಡ್ತಿಲ್ಲ ಅಂದ್ರೆ!" ಎಂದರು ಶೈಲಜಾ, ಎದೆಯ ಮೇಲೆ ಕೈಯಿಟ್ಟು.

ಸಂಜೆಗೆ ದತ್ತಾತ್ರೇಯ ಸೊಂಟ ಹಿಡಿದು ಎದ್ದು ಎಣಿಸಿದ. ಐದು ದಿನದ ಶ್ರಮದಲ್ಲಿ ನಾಲ್ಕು ಬುಟ್ಟಿ ಖಾಲಿಯಾಗಿತ್ತು. ಒಂದೇ ದಿನದಲ್ಲಿ ಮೂರು ಬುಟ್ಟಿಯಷ್ಟು ಒಳಗೆ ಬಂದಿತ್ತು. ದೇವರ ಗೂಡಿನ ಸೇಬು ಅವನನ್ನೇ ನೋಡುತ್ತಿದ್ದಂತೆ ಕಂಡಿತು.

"ಅತ್ತೆ, ಅದೊಂದು ಈಗ್ಲೇ ತಿಂದ್ಬಿಡಿ. ಇದು ಮುಗಿಯೋ ಬಾಬತ್ತಲ್ಲ."

"ಮಾತು ಅಂದ್ರೆ ಮಾತು ಅಳಿಯಂದ್ರೇ. ನಿಮ್ಮದೊಂದು ಮಾತಿದ್ರೆ ನನ್ನದೊಂದು ಇರ್ಬಾರ್ದಾ?"

"ಹಾಗಾದ್ರೆ ನಾಳೆ ನಾನು ಬಾಗಿಲಲ್ಲೇ ನಿಂತು, ಕಾಯಿಲೆ ಇಲ್ಲ ಅಂತ ಎಲ್ರಿಗೂ ಕುಣಿದು ತೋರಿಸ್ತೀನಿ."

"ಕೂತ್ಕೊಳ್ಳಿ ಸುಮ್ನೆ," ಎಂದರು ರೇಣುಕಾದೇವಿಯವರು. ಅವರಿಗೆ ಮೈಸೂರಿನಲ್ಲಿ ನಾಲ್ಕು ಮದುವೆ ಮಾಡಿಸಿದ ಅನುಭವವಿತ್ತು. ಜನ ಎಂದರೆ ಬಾಯಿ ಮಾತ್ರವಲ್ಲ, ಕೈ ಕೂಡ ಎಂದು ಗೊತ್ತಿತ್ತು. "ನೀವು ಎದ್ದು ಓಡಾಡಿದ್ರೆ ಜನ ಬರೋದು ನಿಲ್ಲತ್ತೆ. ಜನ ನಿಂತ್ರೆ ಹೆಚ್ಚೋರು ಯಾರು? ನೀವು ಮಲಗಿರಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹೀಗೆ, ಕಾಯಿಲೆಯಿಲ್ಲವೆಂದು ಊರಿಗೆಲ್ಲ ಸಾರಲು ಹೊರಟಿದ್ದ ದತ್ತಾತ್ರೇಯನಿಗೆ ಮರುದಿನ ಬೆಳಿಗ್ಗೆ ಅತ್ತೆಯ ಆಜ್ಞೆಯಂತೆ ಅಧಿಕೃತವಾಗಿ ಕಾಯಿಲೆಯಾಯಿತು. ದ್ವಾರಪಾಲಕನ ಪಾತ್ರ ಹೋದದ್ದಕ್ಕೆ ಪ್ರತಿಯಾಗಿ ನಾಯಕನ ಪಾತ್ರವೇ ಸಿಕ್ಕಿತು. ಸೋಫಾದ ಮೇಲೆ ಕಂಬಳಿ ಹೊದ್ದು ನರಳಿದ. ಚೆನ್ನಾಗಿ ನರಳಲಿಲ್ಲವೆಂದು ರತ್ನಾ ಎರಡು ಸಲ ತಿದ್ದಿದಳು.

ಬಂದವರು "ಹೇಗಿದಾರೆ?" ಎಂದು ಮೆಲ್ಲಗೆ ಕೇಳಿ ಕೂತ ಕೂಡಲೇ ರೇಣುಕಾದೇವಿಯವರು ಕೈಗೊಂದು ಚಾಕು, ಮಡಿಲಿಗೊಂದು ತಟ್ಟೆ ಕೊಡುತ್ತಿದ್ದರು. "ಕಾಯಿಲೆಯವರ ಎದುರು ಕೈಕಟ್ಕೊಂಡು ಕೂತ್ರೆ ಅವರಿಗೆ ಸಂಕೋಚ ಕಣಮ್ಮಾ. ಸಿಪ್ಪೆ ತೆಳ್ಳಗೆ ತೆಗಿ." ಸಾಫ್ಟ್‌ವೇರಿನವರು ಸಿಪ್ಪೆ ತೆಗೆದರು. ಹೃದಯತಜ್ಞರೊಬ್ಬರು ಬೀಜ ಬಿಡಿಸಿದರು. ಪ್ರಶಾಂತ್ ತುರಿದ. ಶೈಲಜಾ ಬಾಂಡ್ಲಿ ಕದಡುತ್ತ, ಕದಡುತ್ತ, ಆ ಕಂಬಳಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟು, ಇನ್ನೊಂದು ಹಿಡಿ ಬೆಲ್ಲ ಹಾಕುತ್ತಿದ್ದರು.

ಉಳಿದದ್ದು ಒಳಬರುವ ಸೇಬನ್ನು ತಡೆಯುವ ಪ್ರಶ್ನೆ. ಅದನ್ನು ಬಗೆಹರಿಸಿದವಳು ಹನ್ನೆರಡು ವರ್ಷದ ಇಶಾ. ಫೋನಿನ ಪಕ್ಕದಲ್ಲೇ ಕೂತು ಎಲ್ಲರಿಗೂ ಒಂದೇ ಉತ್ತರ: "ಆಂಟಿ, ಅಪ್ಪಂಗೆ ಆಪಲ್ ನೋ. ಎಂಪ್ಟಿ ಬಾಟಲ್ ತನ್ನಿ, ಪ್ಲೀಸ್. ಮುಚ್ಚಳ ಇರ್ಬೇಕು."

ಸೇಬು ಕೂಡದ, ಖಾಲಿ ಬಾಟಲಿಯೇ ಬೇಕಾದ ಕಾಯಿಲೆ ಯಾವುದು? ಕೂಟದಲ್ಲಿ ತಲ್ಲಣವೆದ್ದಿತು. ಜನ ಹೆದರಿ ಹೆದರಿ ಬಾಟಲಿ ತಂದರು. ಮನೆಯಲ್ಲಿ ಎರಡಿದ್ದವರು ನಾಲ್ಕು ತಂದರು.

ಶುಕ್ರವಾರ ಬಡಾವಣೆಯ ಸಂಘದ ಮಿಸೆಸ್ ವಿಟ್‌ಫೀಲ್ಡ್ ಬಂದಳು. ಬೀದಿಯಲ್ಲಿ ಇಪ್ಪತ್ತು ಕಾರು, ಡೆಕ್ಕಿನ ಮೇಲೆ ಬಣ್ಣಬಣ್ಣದ ಬಟ್ಟೆ. ಎರಡೂ ನಿಯಮಕ್ಕೆ ವಿರುದ್ಧ. ಬಾಗಿಲು ತೆರೆದಾಗ ಕಂಡದ್ದು ಮಲಗಿರುವ ಗಂಡಸು, ಸುತ್ತ ತಲೆ ತಗ್ಗಿಸಿ ಕೂತ ಮೂವತ್ತು ಜನ. ಈರುಳ್ಳಿ, ಮೆಣಸಿನ ಘಾಟಿಗೆ ಅಷ್ಟೂ ಜನರ ಕಣ್ಣಲ್ಲಿ ನೀರು. ಮಿಸೆಸ್ ವಿಟ್‌ಫೀಲ್ಡ್ ತಂದ ಆಕ್ಷೇಪಣೆಯನ್ನು ನುಂಗಿಕೊಂಡು, "ಕ್ಷಮಿಸಿ, ಗೊತ್ತಿರಲಿಲ್ಲ" ಎಂದು ಹಿಂದಡಿಯಿಟ್ಟು ಹೋದಳು. ಮರುದಿನ ತಾನೇ ಬೇಯಿಸಿದ ದೊಡ್ಡದೊಂದು ಆಪಲ್ ಪೈ ತಂದುಕೊಟ್ಟಳು.

"ಇದೂ ಸೇಬೇನಾ?" ಎಂದು ರೇಣುಕಾದೇವಿಯವರು ಮುಚ್ಚಳ ತೆಗೆದು ನೋಡಿ, ಒಂದು ಬಾಟಲಿ ತೊಕ್ಕು ಅವಳ ಕೈಗಿಟ್ಟರು. ಬರಿಗೈಯಲ್ಲಿ ಯಾರನ್ನೂ ಕಳಿಸುವವರಲ್ಲ ಅವರು. ಆ ಸಂಜೆ ಮಿಸೆಸ್ ವಿಟ್‌ಫೀಲ್ಡ್ ತನ್ನ ಮನೆಯ ಮುಂದೆ ನೀರಿನ ಪೈಪಿಗೆ ನೇರವಾಗಿ ಬಾಯಿಟ್ಟು ನಿಂತದ್ದನ್ನು ನಿಖಿಲ್ ನೋಡಿದ. ಆದರೆ ಎರಡು ದಿನ ಬಿಟ್ಟು ಖಾಲಿ ಬಾಟಲಿ ಹಿಡಿದು ಅವಳೇ ಬಂದು ಸಾಲಿನಲ್ಲಿ ಕೂತಳು. ಅವಳಿಗೂ ಒಂದು ಚಾಕು ಸಿಕ್ಕಿತು.

ವಿಮಾನದ ಹಿಂದಿನ ದಿನ ಕಟ್ಟಕಡೆಯ ಬುಟ್ಟಿ ಬರಿದಾಯಿತು. ಮನೆಯ ಅಲಮಾರು, ಮಂಚದ ಕೆಳಗು, ಬಟ್ಟೆ ಒಗೆಯುವ ಯಂತ್ರದ ನೆತ್ತಿ, ಎಲ್ಲೆಲ್ಲೂ ಬಾಟಲಿ. ಬಂದವರೆಲ್ಲ ಎರಡೆರಡು ಹೊತ್ತು ಹೋದರು. ಸೇಬು ಎಂಬುದು ಆ ಮನೆಯಲ್ಲಿ ದೇವರ ಗೂಡಿನಲ್ಲಿ ಒಂದೇ ಒಂದು ಉಳಿಯಿತು. ಎರಡು ವಾರದಲ್ಲಿ ಅದರ ಮುಖವೂ ಸುಕ್ಕುಗಟ್ಟಿ, ಸ್ವಲ್ಪ ರೇಣುಕಾದೇವಿಯವರನ್ನೇ ಹೋಲುತ್ತಿತ್ತು.

"ಈಗ ತಿನ್ನಿ ಅತ್ತೆ. ಎಲ್ಲಾ ಮುಗೀತಲ್ಲ."

"ರಾತ್ರಿ ಹೊತ್ತು ಬೇಡ, ಥಂಡಿ. ನಾಳೆ ಏರೋಪ್ಲೇನ್ ಹತ್ತೋ ಮುಂಚೆ ತಿಂತೀನಿ. ಖಂಡಿತ."

ವಿಮಾನ ನಿಲ್ದಾಣಕ್ಕೆ ಅರ್ಧ ಕೂಟವೇ ಬೀಳ್ಕೊಡಲು ಬಂದಿತ್ತು. ಇಂಥ ಹೊತ್ತಿನಲ್ಲಿ ಅಳಿಯನನ್ನು ಬಿಟ್ಟು ಹೋಗಬೇಕಾದ ತಾಯಿಯ ಸಂಕಟ ನೆನೆದು ಶೈಲಜಾ ಕರವಸ್ತ್ರ ಕೈಯಲ್ಲೇ ಹಿಡಿದಿದ್ದರು. ಆಗ ದತ್ತಾತ್ರೇಯ, ನರಳುವುದನ್ನು ಮರೆತು, ತೊಕ್ಕು ತುಂಬಿದ ಎರಡು ಭಾರೀ ಸೂಟ್‌ಕೇಸುಗಳನ್ನು ಎರಡು ಕೈಯಲ್ಲಿ ಎತ್ತಿ, ದಡ್ಡನೆ ತೂಕದ ಯಂತ್ರದ ಮೇಲಿಟ್ಟ.

ಗುಂಪೆಲ್ಲ ಅವನ ಕಡೆ ತಿರುಗಿತು. ರತ್ನಾ ಕಣ್ಣು ಮುಚ್ಚಿಕೊಂಡಳು. ದತ್ತಾತ್ರೇಯ ನಿಧಾನವಾಗಿ ಸೊಂಟಕ್ಕೆ ಕೈ ಹಚ್ಚಿದ, ತಡವಾಗಿತ್ತು. ಇನ್ನು ಸತ್ಯ ಹೇಳದೆ ವಿಧಿಯಿರಲಿಲ್ಲ.

"ಶೇಷಾದ್ರಿ, ನಿಜ ಹೇಳ್ಬೇಕು ಅಂದ್ರೆ ನಂಗೆ ಕಾಯಿಲೆನೇ..."

"ಹೇಳ್ಬೇಡಿ!" ಎಂದು ಶೇಷಾದ್ರಿ ಕೈ ಮೇಲೆತ್ತಿದರು. "ಎರಡು ವಾರ ದಿನಾ ಮೂರು ಹೊತ್ತು ಆ ತಾಯಿ ಕೈಯ ತೊಕ್ಕು ತಿಂದಿದೀರ. ನನಗೆಲ್ಲ ಅರ್ಥ ಆಯ್ತು. ಶೈಲಜಾ, ನಮ್ಮನೇಲಿರೋ ಎರಡು ಬಾಟ್ಲಿ ಜೋಪಾನ! ನನ್ನ ಮಂಡಿನೋವಿಗೆ ಇವತ್ತಿಂದ್ಲೇ ಶುರು."

ಡಾಕ್ಟರ್ ಸತ್ಯನಾರಾಯಣರು ಏನೋ ಹೇಳಲು ಬಾಯಿ ತೆರೆದರು. ಸುತ್ತ ನಿಂತವರ ಮುಖ ನೋಡಿ ಮುಚ್ಚಿಕೊಂಡರು.

ಆ ಕಾಲದಲ್ಲಿ ಬೀಳ್ಕೊಡುವವರನ್ನೂ ಬಿಡುತ್ತಿದ್ದ ವಿಮಾನದ ಗೇಟಿನವರೆಗೂ ಜೊತೆಗೆ ಬಂದವರು ದತ್ತಾತ್ರೇಯ, ರತ್ನಾ, ಇಬ್ಬರು ಮಕ್ಕಳು, ಶೇಷಾದ್ರಿ ದಂಪತಿ, ಪ್ರಶಾಂತ್. ಕುರ್ಚಿಯಲ್ಲಿ ಕೂತ ರೇಣುಕಾದೇವಿಯವರು ಸೆರಗಿನ ಗಂಟು ಬಿಚ್ಚಿದರು. ಸುಕ್ಕಾದ ಕೆಂಪು ಸೇಬು ಹೊರಗೆ ಬಂತು. ದತ್ತಾತ್ರೇಯ ಅವರ ಮುಂದೆ ಮಂಡಿಯೂರಿ ಕೂತ. ಇಶಾ ಕ್ಯಾಮೆರಾ ತೆಗೆದಳು.

"ಇಡೀ ಹಣ್ಣು ಅತ್ತೆ," ಎಂದ.

ರೇಣುಕಾದೇವಿಯವರು ಸೇಬನ್ನು ಬಾಯಿಯವರೆಗೆ ಎತ್ತಿದರು. ಅಲ್ಲಿಯೇ ನಿಲ್ಲಿಸಿದರು. ಸುತ್ತ ಕಣ್ಣು ಹಾಯಿಸಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ನಿಖಿಲ್, ಆ ತಿಂಡಿ ಅಂಗಡೀಲಿ ಒಂದು ಪ್ಲಾಸ್ಟಿಕ್ ಚಾಕು ಇಸ್ಕೊಂಡು ಬಾ ಮರಿ."

"ಅತ್ತೆ! ಹಂಚೋ ಹಾಗಿಲ್ಲ ಅಂತ ಅವತ್ತೇ ಹೇಳಿದೀನಿ!"

"ಗೊತ್ತು ಕಣಪ್ಪಾ. ಇಷ್ಟು ಜನ ನಿಂತು ನೋಡ್ತಿದ್ರೆ ಗಂಟಲಲ್ಲಿ ಇಳಿಯತ್ತಾ?"

ಪ್ಲಾಸ್ಟಿಕ್ ಚಾಕುವಿನಲ್ಲಿ ಸಾಕಷ್ಟು ಒದ್ದಾಡಿ ಎಂಟು ಹೋಳು ಮಾಡಿದರು. ದತ್ತಾತ್ರೇಯನಿಗೆ ಮೊದಲನೆಯದು. ಆಮೇಲೆ ರತ್ನಾ, ಇಶಾ, ನಿಖಿಲ್, ಶೇಷಾದ್ರಿ, ಶೈಲಜಾ, ಪ್ರಶಾಂತ್. ಎಂಟನೆಯದನ್ನು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗುರುತಿಲ್ಲದ ಅಮೆರಿಕದ ಮುದುಕಿಯ ಅಂಗೈಗೆ ಇಟ್ಟರು. ಆಕೆ ಥ್ಯಾಂಕ್ಸ್ ಎಂದು ತಿಂದಳು. ರೇಣುಕಾದೇವಿಯವರು ಬೀಜದ ಸುತ್ತ ಅಂಟಿದ್ದ ಚೂರನ್ನು ಹಲ್ಲಿನಲ್ಲಿ ಕೆರೆದುಕೊಂಡು, "ಚೆನ್ನಾಗಿದೆ ಅಳಿಯಂದ್ರೇ, ಸಿಹಿಯಾಗಿದೆ" ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ವಿಮಾನ ಹತ್ತಿದರು.

ದತ್ತಾತ್ರೇಯ ಕೊಟ್ಟ ಮಾತು ನಡೆಯಲಿಲ್ಲ.